ಟಿಕ್ ಟಿಕ್ ಸದ್ದಿನ ಚರಿತ್ರೆ

ಗಲ್ಫಿನಲ್ಲಿ ದುಡಿಯುವ ನಮ್ಮಂಥವರಿಗೆ ಕಾರು ಷೋಕಿಯ ವಸ್ತುವಲ್ಲ, ಕೆಲಸಕ್ಕೆ ಹೋಗುವ ಕಾಲು. ಒಂದೇ ಫ್ಲಾಟಿನಲ್ಲಿರುವ ನಾವು ಐದು ಮಂದಿ ಸೇರಿ ಹಳೆಯ ಜಪಾನಿ ಕಾರೊಂದನ್ನು ಕೊಂಡು ಆರು ವರ್ಷವಾಯಿತು. ಪೆಟ್ರೋಲು, ಇನ್ಶೂರೆನ್ಸು, ಟೈರು ಎಲ್ಲದಕ್ಕೂ ಐದು ಪಾಲು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಇನ್ನೂ ಬೆಳಕು ಹರಿಯುವ ಮೊದಲೇ ಸ್ಟಾರ್ಟ್ ಮಾಡಿದಾಗ ಬಾನೆಟ್ಟಿನ ಒಳಗಿಂದ ಟಿಕ್ ಟಿಕ್ ಟಿಕ್ ಎಂಬ ಸದ್ದು ಬಂತು. ಹೊಲಿಗೆ ಯಂತ್ರ ಓಡಿದ ಹಾಗೆ. ಆಕ್ಸಿಲರೇಟರ್ ಒತ್ತಿದರೆ ಸದ್ದೂ ಜೋರಾಗಿ ಓಡುತ್ತಿತ್ತು, ಬಿಟ್ಟರೆ ನಿಧಾನವಾಗುತ್ತಿತ್ತು.

ಹತ್ತಿರದ ಗ್ಯಾರೇಜಿಗೆ ಒಯ್ದೆವು. ಅಲ್ಲಿಯವರು ಎರಡು ನಿಮಿಷ ಕೇಳಿ, "ವಾಲ್ವ್ ಸದ್ದು, ಹೆಡ್ ಇಳಿಸಬೇಕು, ಲಿಫ್ಟರ್ ಸೆಟ್ಟು ಪೂರ್ತಿ ಬದಲಿಸಬೇಕು" ಎಂದು ಒಂದು ಚೀಟಿ ಬರೆದುಕೊಟ್ಟರು. ಅದರಲ್ಲಿದ್ದ ಮೊತ್ತ ನೋಡಿ ನಾವು ಯಾರೂ ಮಾತಾಡಲಿಲ್ಲ. ಐವರಲ್ಲಿ ಇಬ್ಬರು ಆ ತಿಂಗಳು ಊರಿಗೆ ಹಣ ಕಳಿಸುವುದನ್ನೇ ನಿಲ್ಲಿಸಬೇಕಾಗಿತ್ತು. ಒಬ್ಬರ ಮಗಳ ಕಾಲೇಜು ಫೀಸಿನ ಕಂತು ಅದೇ ತಿಂಗಳಿನದು.

ಚೀಟಿಯನ್ನು ಜೇಬಿಗೆ ಹಾಕಿಕೊಂಡು ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೂವತ್ತು ವರ್ಷದಿಂದ ಎಂಜಿನ್ ಕೆಲಸ ಮಾಡುವ ನಮ್ಮ ಕರಾವಳಿಯ ಹಿರಿಯರೊಬ್ಬರ ಬಳಿ ಹೋದೆವು. ಅವರು ಸ್ಪ್ಯಾನರು ಮುಟ್ಟಲಿಲ್ಲ. ಮೂರು ಪ್ರಶ್ನೆ ಕೇಳಿದರು. "ಸದ್ದು ತಣ್ಣಗಿರುವಾಗ ಜಾಸ್ತಿಯೋ, ಬಿಸಿಯಾದ ಮೇಲೋ? ಎಣ್ಣೆಯ ಕಡ್ಡಿ ಕೊನೆಗೆ ತೆಗೆದು ನೋಡಿದ್ದು ಯಾವಾಗ? ಕಾರಿನ ಒಳಗೆ ಹೊಗೆಯ ವಾಸನೆ ಬರ್ತದಾ?" ನಮಗೆ ಮೂರಕ್ಕೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಅವರು ನಕ್ಕು, "ಗಾಡಿ ಇಲ್ಲೇ ಬಿಟ್ಟು ಹೋಗಿ. ನಾಳೆ ಬೆಳಿಗ್ಗೆ ತಣ್ಣಗಿರುವಾಗ ಒಟ್ಟಿಗೆ ಕೇಳುವ" ಎಂದರು.

ದಿನವೂ ಕೂರುವ ಗಾಡಿಯ ಬಗ್ಗೆ ನಮಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ನಾಚಿಕೆ ಅಂದು ರಾತ್ರಿ ಬಿಡಲಿಲ್ಲ. ಮುಂದೆ ಕೆಲವು ವಾರ ಓದಿ, ಕೇಳಿ, ಆ ಹಿರಿಯರ ಪಕ್ಕ ನಿಂತು ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಈ ಚಿಕ್ಕ ಸದ್ದಿಗೆ ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ.

ಸದ್ದು ಹುಟ್ಟುವ ಸಂದು

ಇಂದು ನಾವು ಓಡಿಸುವ ಪೆಟ್ರೋಲ್ ಎಂಜಿನ್ನಿನ ಮೂಲ ಜರ್ಮನಿಯ ನಿಕೋಲಸ್ ಆಟೋ 1876ರಲ್ಲಿ ರೂಪಿಸಿದ ನಾಲ್ಕು ಹೊಡೆತದ ಎಂಜಿನ್. ಒಳಗೆಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊರಹಾಕುವುದು. ಗಾಳಿ ಮತ್ತು ಪೆಟ್ರೋಲು ಒಳಗೆ ಬರಲು ಒಂದು ಬಾಗಿಲು, ಹೊಗೆ ಹೊರಗೆ ಹೋಗಲು ಒಂದು ಬಾಗಿಲು. ಈ ಬಾಗಿಲುಗಳೇ ವಾಲ್ವುಗಳು. ಗಲ್ಫಿನ ಅರಬ್ಬಿ ಮೆಕ್ಯಾನಿಕ್ಕರು ಇದನ್ನೇ 'ಬಲ್ಫ್' ಎನ್ನುತ್ತಾರೆ, ಊರಿನ ಗ್ಯಾರೇಜಿನಲ್ಲಿ 'ವಾಲು'.

ವಾಲ್ವನ್ನು ತೆರೆಯುವುದು ಕ್ಯಾಮ್ ಶಾಫ್ಟ್. ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ಸರಳು ಅದು. ಉಬ್ಬು ಬಂದಾಗ ವಾಲ್ವ್ ತೆರೆಯುತ್ತದೆ, ಉಬ್ಬು ದಾಟಿದಾಗ ಸ್ಪ್ರಿಂಗ್ ಅದನ್ನು ಎಳೆದು ಮುಚ್ಚುತ್ತದೆ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಎಂಜಿನ್ ಐಡಲಿನಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಪ್ರತಿ ವಾಲ್ವ್ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ತೆರೆದು ಮುಚ್ಚುತ್ತದೆ. ಟ್ರಾಫಿಕ್ಕಿನಲ್ಲಿ ಒಂದು ಗಂಟೆ ನಿಂತರೂ ಅದು 24 ಸಾವಿರ ಸಲ ದುಡಿದಿರುತ್ತದೆ.

ಕಬ್ಬಿಣ, ಉಕ್ಕು ಬಿಸಿಯಾದರೆ ಉದ್ದವಾಗುತ್ತವೆ. ಹೊಗೆ ಹೋಗುವ ವಾಲ್ವಿನ ತಲೆ ಏಳೆಂಟು ನೂರು ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಹಾಗೆ ಉದ್ದವಾದ ವಾಲ್ವಿಗೆ ಮೇಲೆ ಜಾಗವಿಲ್ಲದಿದ್ದರೆ ಅದು ತನ್ನ ಪೀಠದ ಮೇಲೆ ಪೂರ್ತಿ ಕೂರುವುದಿಲ್ಲ. ಬಾಗಿಲು ಸ್ವಲ್ಪ ತೆರೆದೇ ಉಳಿಯುತ್ತದೆ, ಆ ಸಂದಿಯಲ್ಲಿ ಬೆಂಕಿ ನುಗ್ಗಿ ವಾಲ್ವಿನ ಅಂಚನ್ನೇ ಸುಡುತ್ತದೆ. ಅದಕ್ಕಾಗಿ ವಾಲ್ವಿನ ತುದಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಬೇಕೆಂದೇ ಒಂದು ಸಂದು ಬಿಡುತ್ತಾರೆ. ಮೆಕ್ಯಾನಿಕ್ಕರ ಭಾಷೆಯಲ್ಲಿ ಟ್ಯಾಪೆಟ್ ಕ್ಲಿಯರೆನ್ಸ್. ಸಾಮಾನ್ಯವಾಗಿ ಅದು ಕಾಲು ಮಿಲಿಮೀಟರಿನ ಆಸುಪಾಸು. ಈ ಸಂದನ್ನು ದಾಟಿ ಲೋಹ ಲೋಹಕ್ಕೆ ಬಡಿದಾಗ ಬರುವುದೇ ಟಿಕ್. ಅಂದರೆ ಆ ಸದ್ದು ಮೂಲದಲ್ಲಿ ರೋಗವಲ್ಲ. ವಾಲ್ವ್ ಸುಡದಿರಲೆಂದು ಬಿಟ್ಟ ಜಾಗದ ಸದ್ದು. ಸಂದು ಹೆಚ್ಚಾದಾಗ ಸದ್ದು ಹೆಚ್ಚಾಗುತ್ತದೆ, ಅಷ್ಟೇ.

ಸದ್ದು ತಾಳದ ಪತ್ರಿಕೆಯವ

ಮೊದಲ ಕಾರುಗಳಲ್ಲಿ ಒಳಬಾಗಿಲಿಗೆ ಕ್ಯಾಮ್ ಇರಲಿಲ್ಲ. ಪಿಸ್ಟನ್ ಕೆಳಗಿಳಿಯುವಾಗಿನ ಎಳೆತಕ್ಕೆ ತೆಳು ಸ್ಪ್ರಿಂಗಿನ ವಾಲ್ವ್ ತಾನಾಗಿ ತೆರೆಯುತ್ತಿತ್ತು. ಎಂಜಿನ್ ನಿಧಾನವಾಗಿ ತಿರುಗುವವರೆಗೆ ಅದು ನಡೆಯಿತು. ವೇಗ ಬೇಕೆಂದಾಗ ಎರಡೂ ಬಾಗಿಲನ್ನು ಕ್ಯಾಮಿನಿಂದಲೇ ತೆರೆಯಬೇಕಾಯಿತು. ವಿಲ್ಹೆಲ್ಮ್ ಮೈಬಾಖ್ ರೂಪಿಸಿದ 1901ರ ಮರ್ಸಿಡಿಸ್ 35 ಎಚ್‌ಪಿ ಕಾರು ಈ ದಾರಿಯಲ್ಲಿ ದೊಡ್ಡ ಹೆಜ್ಜೆ. 1904ರಲ್ಲಿ ಅಮೆರಿಕದ ಬ್ಯೂಕ್ ಕಾರು ವಾಲ್ವುಗಳನ್ನು ಸಿಲಿಂಡರಿನ ನೆತ್ತಿಯ ಮೇಲಿಟ್ಟು, ಕೆಳಗಿನ ಕ್ಯಾಮಿನಿಂದ ಪುಷ್‌ರಾಡ್ ಮತ್ತು ರಾಕರುಗಳ ಮೂಲಕ ಒತ್ತುವ ಪದ್ಧತಿ ತಂದಿತು. ಬಲ ಹೆಚ್ಚಾಯಿತು. ಜೊತೆಗೆ ಒಂದಕ್ಕೊಂದು ಬಡಿಯುವ ಭಾಗಗಳೂ ಹೆಚ್ಚಾದವು.

1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಸಂದು ಸರಿಮಾಡುವ ತಿರುಪೇ ಇರಲಿಲ್ಲ. ಸಂದು ಕಡಿಮೆಯಾದರೆ ವಾಲ್ವಿನ ತುದಿಯನ್ನು ಉಜ್ಜಿ ಸವೆಸಬೇಕು, ಹೆಚ್ಚಾದರೆ ಸದ್ದು ಸಹಿಸಿಕೊಳ್ಳಬೇಕು, ಇಲ್ಲವೇ ಬೇರೆ ವಾಲ್ವ್ ಹಾಕಬೇಕು. ಹಳ್ಳಿಯ ರೈತರು ಕೊಂಡ ಕಾರು ಅದು. ಸದ್ದಿನ ಬಗ್ಗೆ ಅವರು ತಲೆಕೆಡಿಸಿಕೊಳ್ಳಲಿಲ್ಲ.

ತಲೆಕೆಡಿಸಿಕೊಂಡವನು ಚಾರ್ಲ್ಸ್ ಯೇಲ್ ನೈಟ್. ಅವನು ಎಂಜಿನಿಯರ್ ಅಲ್ಲ, ಷಿಕಾಗೋದಲ್ಲಿ ಹೈನುಗಾರಿಕೆಯ ಪತ್ರಿಕೆ ನಡೆಸುತ್ತಿದ್ದವನು. ಓಡಾಟಕ್ಕೆಂದು ನಾಕ್ಸ್ ಕಂಪನಿಯ ಗಾಡಿಯೊಂದನ್ನು ಕೊಂಡ. ಅದರ ವಾಲ್ವುಗಳ ಟಕಟಕ ಅವನಿಗೆ ಸಹಿಸಲಾಗಲಿಲ್ಲ. ಬೇರೆಯವರಾದರೆ ಗಾಡಿ ಮಾರುತ್ತಿದ್ದರು. ನೈಟ್ ಬಡಿಯುವ ವಾಲ್ವೇ ಇಲ್ಲದ ಎಂಜಿನ್ ಮಾಡಲು ಹೊರಟ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಒಂದರೊಳಗೊಂದು ಎರಡು ಕೊಳವೆಗಳನ್ನಿಟ್ಟು, ಅವು ಮೇಲೆ ಕೆಳಗೆ ಜಾರುವಾಗ ಅವುಗಳ ಕಂಡಿಗಳು ಎದುರುಬದುರಾಗಿ ಬಾಗಿಲು ತೆರೆಯುವಂತೆ ಮಾಡಿದ. ಬಡಿತವಿಲ್ಲ, ಬರೀ ಜಾರಾಟ. 1906ರ ಷಿಕಾಗೋ ಪ್ರದರ್ಶನದಲ್ಲಿ 'ಸೈಲೆಂಟ್ ನೈಟ್' ಎಂಬ ಹೆಸರಿನಲ್ಲಿ ಈ ಕಾರನ್ನು ತೋರಿಸಿದ.

ಅಮೆರಿಕಕ್ಕಿಂತ ಮೊದಲು ಅದನ್ನು ಮೆಚ್ಚಿದ್ದು ಯುರೋಪು. ಇಂಗ್ಲೆಂಡಿನ ಕೊವೆಂಟ್ರಿಯ ಡೈಮ್ಲರ್ ಕಂಪನಿ 1908ರಲ್ಲಿ ಈ ಎಂಜಿನ್ನನ್ನು ಒಪ್ಪಿಕೊಂಡಿತು. ಬ್ರಿಟಿಷ್ ರಾಜಮನೆತನದವರು ಕೂರುತ್ತಿದ್ದುದು ಅದೇ ಕಂಪನಿಯ ಕಾರುಗಳಲ್ಲಿ. ಬೆಲ್ಜಿಯಂನ ಮಿನರ್ವಾ, ಫ್ರಾನ್ಸಿನ ಪ್ಯಾನಾರ್, ಕಡೆಗೆ ಮರ್ಸಿಡಿಸ್ ಕೂಡ ಹಣ ಕೊಟ್ಟು ಹಕ್ಕು ಪಡೆದವು. ಅಮೆರಿಕದ ವಿಲ್ಲಿಸ್ ಕಂಪನಿ 1930ರ ದಶಕದ ಆರಂಭದವರೆಗೂ ವಿಲ್ಲಿಸ್ ನೈಟ್ ಕಾರುಗಳನ್ನು ಮಾರಿತು.

ಆದರೆ ಆ ಮೌನಕ್ಕೆ ಬೆಲೆ ತೆರಬೇಕಿತ್ತು. ಜಾರುವ ಕೊಳವೆಗಳ ಒಳಗೂ ಹೊರಗೂ ಸದಾ ಎಣ್ಣೆ ಬೇಕು. ಆ ಎಣ್ಣೆಯಲ್ಲಿ ಒಂದು ಪಾಲು ಉರಿದು ನೀಲಿ ಹೊಗೆಯಾಗಿ ಹಿಂದಿನಿಂದ ಹೋಗುತ್ತಿತ್ತು. ತಯಾರಿಕೆಯ ಖರ್ಚೂ ಹೆಚ್ಚು. ಅಷ್ಟರಲ್ಲಿ ಸಾಮಾನ್ಯ ವಾಲ್ವಿನ ಎಂಜಿನ್ನುಗಳೇ ಸುಧಾರಿಸಿದವು. ಕಾರುಗಳಲ್ಲಿ ನೈಟ್ ಎಂಜಿನ್ ಎರಡನೆಯ ಮಹಾಯುದ್ಧದ ಹೊತ್ತಿಗೆ ಮೂಲೆಗೆ ಸೇರಿತು. ಒಂದು ಸದ್ದನ್ನು ಅಡಗಿಸಲು ಹೊರಟವನು ಇಡೀ ಎಂಜಿನ್ನನ್ನೇ ಬದಲಿಸಿದ್ದ. ಹೆಡ್ ಇಳಿಸಬೇಕೆಂದ ನಮ್ಮ ಗ್ಯಾರೇಜಿನವರು ಇವನ ವಂಶದವರೇ ಇರಬೇಕೆಂದು ನಮ್ಮಲ್ಲೊಬ್ಬರು ತಮಾಷೆ ಮಾಡಿದರು.

ಎಣ್ಣೆ ತುಂಬಿದ ಸಂದು

ಸಂದು ಬೇಕು, ಆದರೆ ಸದ್ದು ಬೇಡ. ಇದಕ್ಕೆ ಸಿಕ್ಕ ಉತ್ತರ ಎಣ್ಣೆ. 1930ರಲ್ಲಿ ಬಂದ ಹದಿನಾರು ಸಿಲಿಂಡರಿನ ಕ್ಯಾಡಿಲಾಕ್ ಕಾರಿನಲ್ಲಿ ಎಣ್ಣೆಯ ಒತ್ತಡದಿಂದ ಸಂದನ್ನು ತಾನಾಗಿ ತುಂಬುವ ಏರ್ಪಾಡಿತ್ತು. 1933ರಲ್ಲಿ ಪಿಯರ್ಸ್ ಆ್ಯರೋ ಕಂಪನಿ ಟ್ಯಾಪೆಟ್ಟಿನ ಒಳಗೇ ಈ ಏರ್ಪಾಡನ್ನು ಕೂರಿಸಿತು. ಇದೇ ಹೈಡ್ರಾಲಿಕ್ ಲಿಫ್ಟರ್. ಯುದ್ಧದ ನಂತರ ಸಾಮಾನ್ಯ ಕಾರುಗಳಿಗೂ ಅದು ಇಳಿದು ಬಂತು.

ಅದರ ಕೆಲಸ ಸರಳ. ಒಂದು ಪುಟ್ಟ ಬಟ್ಟಲು, ಅದರೊಳಗೆ ಜಾರುವ ಒಂದು ಕೊಂತ, ಕೆಳಗೆ ಒಂದೇ ದಿಕ್ಕಿಗೆ ತೆರೆಯುವ ಗುಂಡಿನ ಬಾಗಿಲು. ವಾಲ್ವ್ ಮುಚ್ಚಿರುವಾಗ ಎಂಜಿನ್ ಎಣ್ಣೆ ಒಳಗೆ ಬಂದು ಕೊಂತವನ್ನು ಎತ್ತಿ ಸಂದನ್ನು ತುಂಬುತ್ತದೆ. ಕ್ಯಾಮ್ ಒತ್ತಿದ ಕೂಡಲೇ ಗುಂಡು ಬಾಗಿಲು ಮುಚ್ಚುತ್ತದೆ. ಸಿಕ್ಕಿಬಿದ್ದ ಎಣ್ಣೆ ಕುಗ್ಗುವುದಿಲ್ಲ, ಗಟ್ಟಿ ಲೋಹದಂತೆ ವಾಲ್ವನ್ನು ಒತ್ತುತ್ತದೆ. ವಾಲ್ವ್ ಕಾದು ಉದ್ದವಾದರೆ ಸ್ವಲ್ಪ ಎಣ್ಣೆ ಪಕ್ಕದಿಂದ ಜಿನುಗಿ ಜಾಗ ಕೊಡುತ್ತದೆ. ಕೊಂತಕ್ಕೂ ಬಟ್ಟಲಿಗೂ ನಡುವಿನ ಜಾಗ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು.

ಅಂದರೆ ಮೊದಲು ಮೆಕ್ಯಾನಿಕ್ಕಿನ ಕೈಯಲ್ಲಿದ್ದ ಸಂದು ಈಗ ಎಣ್ಣೆಯ ಕೈಗೆ ಹೋಯಿತು. ಎಣ್ಣೆ ಕಡಿಮೆಯಾದರೆ, ಕೊಳೆಯಾದರೆ, ತಪ್ಪು ದರ್ಜೆಯದಾದರೆ ಲಿಫ್ಟರಿಗೆ ತುಂಬಿಕೊಳ್ಳಲಾಗುವುದಿಲ್ಲ, ಟಿಕ್ ಎನ್ನುತ್ತದೆ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಕೆಲವು ಸೆಕೆಂಡು ಟಿಕ್ ಎಂದು ಸುಮ್ಮನಾದರೆ ಹೆದರಬೇಕಿಲ್ಲ, ಎಣ್ಣೆ ಮೇಲೇರುವವರೆಗಿನ ಮಾತು ಅದು. ಬಿಸಿಯಾದ ಮೇಲೂ ನಿಲ್ಲದಿದ್ದರೆ ಕಿವಿಗೊಡಬೇಕು.

ಊರಿನ ಟ್ಯಾಪೆಟ್, ಮರಳುಗಾಡಿನ ಟ್ಯಾಪೆಟ್

ನಮ್ಮ ಊರಿನ ಕಾರುಗಳಿಗೆ ಈ ಸೌಕರ್ಯ ಬೇಗ ಬರಲಿಲ್ಲ. ಅಂಬಾಸಡರ್ ಮೊದಲು ಪಕ್ಕದ ವಾಲ್ವಿನ ಎಂಜಿನ್ನಿನೊಡನೆ ಬಂದು, 1959ರಲ್ಲಿ 1489 ಸಿಸಿಯ, ನೆತ್ತಿಯ ಮೇಲೆ ವಾಲ್ವುಗಳಿರುವ ಎಂಜಿನ್ ಪಡೆಯಿತು. ಪದ್ಮಿನಿಯದು ಫಿಯೆಟ್ಟಿನ 1089 ಸಿಸಿ. 1983ರ ಕೊನೆಯಲ್ಲಿ ಬಂದ ಮಾರುತಿ 800ರಲ್ಲಿ ಮೂರು ಸಿಲಿಂಡರ್, ಆರು ವಾಲ್ವ್. ಈ ಮೂರರಲ್ಲೂ ರಾಕರಿನ ತುದಿಯಲ್ಲಿ ಒಂದು ತಿರುಪು, ಒಂದು ನಟ್ಟು. ನಮ್ಮಲ್ಲಿ ನಲವತ್ತು ದಾಟಿದವರಿಗೆ ನೆನಪಿರಬಹುದು, "ಟ್ಯಾಪೆಟ್ ಸೆಟ್ ಮಾಡಿಸಬೇಕು" ಎಂಬುದು ಮನೆಯ ಹಿರಿಯರ ಬಾಯಲ್ಲಿ ಸಾಮಾನ್ಯ ಮಾತಾಗಿತ್ತು. ಮೆಕ್ಯಾನಿಕ್ಕಿನ ಜೇಬಿನಲ್ಲಿ ಎಲೆಗಳ ಕಟ್ಟಿನಂಥ ಫೀಲರ್ ಗೇಜ್. ತೆಳು ಉಕ್ಕಿನ ಎಲೆಯನ್ನು ಸಂದಿನಲ್ಲಿ ತೂರಿಸಿ, ಸ್ವಲ್ಪ ಹಿಡಿದು ಹಿಡಿದು ಜಾರಬೇಕು, ಅಷ್ಟೇ. ಗೇಜಿಲ್ಲದೆ ಬೆರಳಿನ ಅಂದಾಜಿನಲ್ಲೇ ಮಾಡುವವರೂ ಇದ್ದರು. ಅವರ ಕೈಯ ಗಾಡಿಗಳು ಕೆಲವು ಚೆನ್ನಾಗಿ ಓಡಿದವು, ಕೆಲವು ವಾಲ್ವ್ ಸುಟ್ಟುಕೊಂಡವು.

ಆ ಕೈಗಳನ್ನೇ ಹೊತ್ತು ಅನೇಕರು ಗಲ್ಫಿಗೆ ಬಂದರು. ಇಲ್ಲಿ ಅವರಿಗೆ ಎದುರಾದದ್ದು ಟೊಯೋಟಾ ಲ್ಯಾಂಡ್ ಕ್ರೂಸರ್. 1970ರ ದಶಕದ ನಡುವಿನಿಂದ ಅದರಲ್ಲಿದ್ದ 2ಎಫ್ ಎಂಜಿನ್ 4230 ಸಿಸಿಯದು. ಆರು ಸಿಲಿಂಡರ್, ಪುಷ್‌ರಾಡ್, ರಾಕರಿನಲ್ಲಿ ತಿರುಪು. ಎಂಜಿನ್ ಬಿಸಿಯಿರುವಾಗ ಒಳಬಾಗಿಲಿಗೆ 0.20 ಮಿ.ಮೀ., ಹೊಗೆಬಾಗಿಲಿಗೆ 0.35 ಮಿ.ಮೀ. ಹೈಲಕ್ಸ್ ಪಿಕಪ್ಪಿನ 22ಆರ್ ಎಂಜಿನ್ನಿಗೆ 0.20 ಮತ್ತು 0.30. ಮುಸಫ್ಫಾದಿಂದ ಶುವೈಖ್‌ವರೆಗೆ, ಶಾರ್ಜಾದಿಂದ ವಾದಿ ಕಬೀರ್‌ವರೆಗೆ, ಭಾಷೆ ಯಾವುದಾದರೂ ಅಂಕಿ ಇದೇ. ನಮ್ಮ ಹಿರಿಯ ಮೆಕ್ಯಾನಿಕ್ ಮೊದಲು ಕಲಿತ ಅರಬ್ಬಿ ಪದಗಳಲ್ಲಿ 'ಸೌತ್' ಒಂದಂತೆ. ಸೌತ್ ಎಂದರೆ ಸದ್ದು. "ಮಕೀನಾ ಸೌತ್" ಎಂದು ಗಿರಾಕಿ ಕೈಸನ್ನೆ ಮಾಡಿದರೆ ಉಳಿದದ್ದು ಕಿವಿಯ ಕೆಲಸ.

1992ರಲ್ಲಿ ಲ್ಯಾಂಡ್ ಕ್ರೂಸರಿಗೆ 24 ವಾಲ್ವಿನ 1ಎಫ್‌ಝೆಡ್ ಎಂಜಿನ್ ಬಂತು. ತಿರುಪು ಹೋಗಿ ಅದರ ಜಾಗದಲ್ಲಿ ನಾಣ್ಯದಂಥ ಬಿಲ್ಲೆಗಳು, ಅಂದರೆ ಶಿಮ್‌ಗಳು ಬಂದವು. ಸಂದು ಅಳೆದು ತಕ್ಕ ದಪ್ಪದ ಬಿಲ್ಲೆ ಹಾಕಬೇಕು. ಆಮೇಲೆ 2004ರಲ್ಲಿ ಬಂದು ಹೈಲಕ್ಸ್, ಹೈಯೇಸ್‌ಗಳಲ್ಲಿ ಮನೆಮಾತಾದ 2ಟಿಆರ್ ಎಂಜಿನ್ನಿನಲ್ಲಿ ಹೈಡ್ರಾಲಿಕ್ ಏರ್ಪಾಡು. ಒಬ್ಬ ಮೆಕ್ಯಾನಿಕ್ಕಿನ ದುಡಿಮೆಯ ಆಯುಷ್ಯದೊಳಗೆ ತಿರುಪು, ಬಿಲ್ಲೆ, ಎಣ್ಣೆ ಎಂಬ ಮೂರು ಯುಗಗಳು ಕಳೆದುಹೋದವು. ಈಗಿನ ಹುಡುಗರಿಗೆ ಫೀಲರ್ ಗೇಜ್ ಹಿಡಿಯುವ ಸಂದರ್ಭವೇ ಕಡಿಮೆ. ಹಾಗಾಗಿ ಟಿಕ್ ಕೇಳಿದರೆ ಅಳೆಯುವುದಕ್ಕಿಂತ ಬದಲಿಸುವ ಮಾತು ಮೊದಲು ಬರುತ್ತದೆ.

ಸುಮ್ಮನಿದ್ದ ವಾಲ್ವ್

ಹಳೆಯ ಮೆಕ್ಯಾನಿಕ್ಕರಲ್ಲಿ ಒಂದು ನಂಬಿಕೆಯಿದೆ. ಸದ್ದು ಮಾಡುವ ಟ್ಯಾಪೆಟ್ ಕೂಡಲೇ ಕೊಲ್ಲುವುದಿಲ್ಲ, ಸದ್ದು ಮಾಡದ್ದಕ್ಕೆ ಹೆದರಬೇಕು. ಇದರ ಸತ್ಯವನ್ನು ತೋರಿಸಿದ್ದು ಪೆಟ್ರೋಲಿನ ಸೀಸ.

1921ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ಎಂಜಿನ್ನಿನ ಕುಟ್ಟುವಿಕೆ ನಿಲ್ಲುತ್ತದೆಂದು ಕಂಡುಹಿಡಿದ. 1923ರಿಂದ ಅದು ಮಾರಾಟಕ್ಕೆ ಬಂತು. ಆ ಸೀಸ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ವಾಲ್ವ್ ಬಂದು ಕೂರುವ ಪೀಠದ ಮೇಲೆ ತೆಳು ಪದರವಾಗಿ ನಿಂತು ಸವೆತ ತಡೆಯುತ್ತಿತ್ತು. ಆದರೆ ಸೀಸ ವಿಷ, ಅದರಲ್ಲೂ ಮಕ್ಕಳ ಮಿದುಳಿಗೆ. ಒಂದೊಂದೇ ದೇಶ ಅದನ್ನು ಬಿಟ್ಟಿತು. ಭಾರತ 2000ದ ಫೆಬ್ರವರಿ 1ರಿಂದ ದೇಶವಿಡೀ ಬಿಟ್ಟಿತು, ಗಲ್ಫ್ ದೇಶಗಳೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಕಾರಿಗೆ ಸೀಸದ ಪೆಟ್ರೋಲು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ 2021ರಲ್ಲಿ ನಿಲ್ಲಿಸಿತು.

ಗಟ್ಟಿ ಪೀಠಗಳಿದ್ದ ಹೊಸ ಎಂಜಿನ್ನುಗಳಿಗೆ ಏನೂ ಆಗಲಿಲ್ಲ. ಮೆದು ಕಬ್ಬಿಣದ ಪೀಠವಿದ್ದ ಹಳೆಯ ಎಂಜಿನ್ನುಗಳನ್ನು ಬಿಗಿಯಾಗಿ ಓಡಿಸಿದಾಗ ಪೀಠ ಸವೆಯತೊಡಗಿತು. ಪೀಠ ಸವೆದಂತೆ ವಾಲ್ವ್ ಒಳಕ್ಕೆ ಇಳಿಯುತ್ತದೆ, ಅದರ ತುದಿ ಮೇಲೇರುತ್ತದೆ, ಸಂದು ಮುಚ್ಚುತ್ತಾ ಬರುತ್ತದೆ. ಎಂಜಿನ್ ದಿನದಿನಕ್ಕೆ ಮೌನವಾಗುತ್ತದೆ. ಮಾಲೀಕನಿಗೆ ಖುಷಿ. ಒಂದು ದಿನ ಏರಿನಲ್ಲಿ ಬಲವಿಲ್ಲ, ಐಡಲಿನಲ್ಲಿ ನಡುಕ. ಬಿಚ್ಚಿ ನೋಡಿದರೆ ವಾಲ್ವಿನ ಅಂಚು ಸುಟ್ಟು ಹಲ್ಲು ಮುರಿದಂತೆ. ಗ್ಯಾಸಿನಲ್ಲಿ ಓಡುವ ಗಾಡಿಗಳಲ್ಲೂ ಇದೇ ಕಷ್ಟ ಬರಬಹುದು. ಬೆಂಗಳೂರಿನ ಎಲ್‌ಪಿಜಿ ಆಟೋ ಓಡಿಸುವವರು ಸದ್ದಿಲ್ಲದಿದ್ದರೂ ಕ್ಲಿಯರೆನ್ಸ್ ನೋಡಿಸುವುದು ಅದಕ್ಕೇ.

ಇಲ್ಲಿ ಹಳೆಯ ಕಾರು ಕೊಳ್ಳುವ ನಮ್ಮವರಿಗೆ ಒಂದು ಮಾತು. ಸದ್ದಿರುವ ಎಂಜಿನ್ನಿಗೆ ದಪ್ಪ ಎಣ್ಣೆ ಸುರಿದು ಕೆಲವು ದಿನ ಸುಮ್ಮನಾಗಿಸುವುದು ಹಳೆಯ ಉಪಾಯ. ಮಾರುವವರು ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟಿರುವುದೂ ಉಂಟು. ಹಾಗಾಗಿ ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ಇನ್ನೊಂದು ಬೆಳಿಗ್ಗೆ ಹೋಗಿ. ತಣ್ಣನೆಯ ಎಂಜಿನ್ನಿನ ಮೊದಲ ಒಂದು ನಿಮಿಷ ಹೇಳುವುದನ್ನು ಮಾರುವವರು ಹೇಳುವುದಿಲ್ಲ.

ಕಿವಿಗೆ ಹಿಡಿದ ಸ್ಕ್ರೂಡ್ರೈವರ್

1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೂ ತನ್ನ ಕಿವಿಗೂ ನಡುವೆ ಇಟ್ಟ. ಸ್ಟೆತಸ್ಕೋಪಿನ ಆರಂಭ ಅದು. ಎದೆ ಬಿಚ್ಚದೆ ಒಳಗಿನದನ್ನು ಕೇಳುವ ವಿದ್ಯೆ. ಮೆಕ್ಯಾನಿಕ್ಕರು ಅದೇ ವಿದ್ಯೆಯನ್ನು ಉದ್ದನೆಯ ಸ್ಕ್ರೂಡ್ರೈವರಿನಲ್ಲಿ ಮಾಡುತ್ತಾರೆ. ತುದಿ ಎಂಜಿನ್ನಿನ ಮೇಲೆ, ಹಿಡಿ ಕಿವಿಯ ಹತ್ತಿರದ ಎಲುಬಿನ ಮೇಲೆ. ಸದ್ದು ಹುಟ್ಟುವ ಜಾಗ ಹತ್ತಿರವಾದಂತೆ ಟಿಕ್ ಮೊನಚಾಗುತ್ತದೆ. ತಿರುಗುವ ಬೆಲ್ಟು, ಫ್ಯಾನಿನಿಂದ ಅಂಗಿಯ ತೋಳು, ಕೊರಳ ದಾರ ದೂರವಿರಬೇಕು.

ಮಾರನೆಯ ಬೆಳಿಗ್ಗೆ ಹಿರಿಯರು ನೋಡಿದ ಕ್ರಮ ಹೀಗಿತ್ತು.

ಮೊದಲು ಎಣ್ಣೆಯ ಕಡ್ಡಿ. ನಮ್ಮ ಗಾಡಿಯಲ್ಲಿ ಎಣ್ಣೆ ಕೆಳಗೆರೆಯ ಹತ್ತಿರವಿತ್ತು. ಮೇಲೆರೆಯವರೆಗೆ ತುಂಬಿಸಿದರು. ಸದ್ದು ಹೋಗಲಿಲ್ಲ. "ಬೇಸಿಗೆಯಲ್ಲಿ ಎಸಿ ಹಾಕಿ ಗಂಟೆಗಟ್ಟಲೆ ನಿಲ್ಲಿಸ್ತೀರಿ. ಮೀಟರಿನಲ್ಲಿ ಕಿಲೋಮೀಟರ್ ಏರುವುದಿಲ್ಲ, ಎಣ್ಣೆ ಮಾತ್ರ ಹಾಳಾಗ್ತದೆ" ಎಂದು ಬೈದರು.

ಎರಡನೆಯದು ಲಯ. ವಾಲ್ವಿನ ಸದ್ದು ಕ್ರ್ಯಾಂಕಿನ ಅರ್ಧ ವೇಗದ್ದು. ಐಡಲಿನಲ್ಲಿ ಸೆಕೆಂಡಿಗೆ ಆರೇಳು. ಕ್ರ್ಯಾಂಕಿನ ಬೇರಿಂಗಿನ ಸದ್ದು ಇದಕ್ಕಿಂತ ಆಳದ್ದು, ಟಿಕ್ ಅಲ್ಲ, ಟಕ್ ಟಕ್. ಎಂಜಿನ್ನಿಗೆ ಭಾರ ಬಿದ್ದಾಗ ಹೆಚ್ಚಾಗುತ್ತದೆ. ಅದು ಕೇಳಿದರೆ ಗಾಡಿ ಓಡಿಸಬಾರದು. ನಮ್ಮದು ಟಿಕ್.

ಮೂರನೆಯದು ಇಂಜೆಕ್ಟರ್. ಪೆಟ್ರೋಲು ಚಿಮ್ಮಿಸುವ ಇವೂ ಟಿಕ್ ಎನ್ನುತ್ತವೆ. ಎಲ್ಲ ನಾಲ್ಕೂ ಒಂದೇ ಸಮ ಎನ್ನುತ್ತಿದ್ದರೆ ಅದು ಸಹಜ. ಸ್ಕ್ರೂಡ್ರೈವರ್ ಒಂದೊಂದರ ಮೇಲಿಟ್ಟು ಕೇಳಿ ತಲೆಯಾಡಿಸಿದರು. ವಾಲ್ವ್ ಕವರಿನ ಮೇಲೂ ಉದ್ದಕ್ಕೆ ಕೇಳಿದರು. ಅಲ್ಲಿ ಮೊನಚು ಸದ್ದಿಲ್ಲ. ತಿರುಪಿನ ಎಂಜಿನ್ನಾಗಿದ್ದರೆ ಕವರ್ ತೆಗೆದು, ಐಡಲಿನಲ್ಲೇ ಒಂದೊಂದು ರಾಕರಿನ ಸಂದಿಗೆ ಫೀಲರ್ ಎಲೆ ತೂರಿಸುತ್ತಿದ್ದರಂತೆ. ಯಾವುದಕ್ಕೆ ತೂರಿಸಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ.

ನಾಲ್ಕನೆಯದು ಕಡಿತದ ಪರೀಕ್ಷೆ. ಒಂದೊಂದೇ ಸಿಲಿಂಡರಿನ ಕಾಯಿಲ್ ತಂತಿ ಕಿತ್ತು ಕೆಲವೇ ಸೆಕೆಂಡು ಕೇಳುವುದು. ಹೆಚ್ಚು ಹೊತ್ತು ಬಿಟ್ಟರೆ ಉರಿಯದ ಪೆಟ್ರೋಲು ಹೊಗೆಕೊಳವೆಯ ಕನ್ವರ್ಟರನ್ನು ಹಾಳುಮಾಡುತ್ತದೆ. ಕಿಡಿ ಇಲ್ಲದಿದ್ದರೂ ಕ್ಯಾಮ್ ತಿರುಗುತ್ತಲೇ ಇರುವುದರಿಂದ ವಾಲ್ವಿನ ಸದ್ದು ಬದಲಾಗುವುದಿಲ್ಲ. ಒಂದನೆಯದು, ಎರಡನೆಯದು, ಮೂರನೆಯದು ಕಿತ್ತಾಗ ಟಿಕ್ ಹಾಗೇ ಇತ್ತು. ನಾಲ್ಕನೆಯದು ಕಿತ್ತ ಕೂಡಲೇ ಸದ್ದು ಅಡಗಿತು.

"ಇದು ವಾಲ್ವಿನದ್ದಲ್ಲ ಮಾರಾಯ್ರೆ" ಎಂದು ಅವರು ಟಾರ್ಚ್ ಹಾಕಿ ತೋರಿಸಿದರು. ಎಂಜಿನ್ನಿಗೂ ಹೊಗೆಕೊಳವೆಯ ಮ್ಯಾನಿಫೋಲ್ಡಿಗೂ ಸೇರುವ ಕಡೆ, ನಾಲ್ಕನೆಯ ಸಿಲಿಂಡರಿನ ಹತ್ತಿರ ಒಂದು ಬೋಲ್ಟು ಮುರಿದಿತ್ತು. ಅದರ ಪಕ್ಕ ಕಪ್ಪು ಮಸಿಯ ಗೆರೆ. ಪ್ರತಿ ಸಲ ಆ ಸಿಲಿಂಡರ್ ಹೊಗೆ ಬಿಟ್ಟಾಗ ಆ ಸಂದಿನಿಂದ ಪುಸ್ ಎಂದು ಹೊರಬಂದದ್ದು ಟಿಕ್ ಎಂದು ಕೇಳುತ್ತಿತ್ತು. ಲೋಹ ಕಾದು ಹಿಗ್ಗಿದ ಮೇಲೆ ಸಂದು ಸ್ವಲ್ಪ ಮುಚ್ಚಿ ಸದ್ದು ಕಡಿಮೆಯಾಗುತ್ತಿತ್ತು. ತಣ್ಣಗಿರುವಾಗ ಜಾಸ್ತಿಯೋ ಎಂದು ಅವರು ಕೇಳಿದ್ದು ಅದಕ್ಕೆ. ಹೊಗೆಯ ವಾಸನೆ ಬರುತ್ತದಾ ಎಂದು ಕೇಳಿದ್ದು ನಮ್ಮ ಜೀವದ ಸಲುವಾಗಿ. ಆ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಚಳಿಗಾಲದಲ್ಲಿ ಗಾಜು ಏರಿಸಿ, ಎಂಜಿನ್ ಓಡಿಸಿಕೊಂಡು ಒಳಗೆ ನಿದ್ದೆ ಮಾಡುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿತ್ತು. ಅದನ್ನು ಅಂದೇ ಬಿಟ್ಟೆವು.

ಮುರಿದ ಬೋಲ್ಟು ತೆಗೆದು ಹೊಸದು ಹಾಕಿ, ಗ್ಯಾಸ್ಕೆಟ್ ಬದಲಿಸಲು ಮಧ್ಯಾಹ್ನದವರೆಗೆ ಹಿಡಿಯಿತು. ಐದು ಪಾಲು ಮಾಡಿದಾಗ ಒಬ್ಬೊಬ್ಬರಿಗೆ ಬಂದದ್ದು ಒಂದು ರಾತ್ರಿಯ ಹೋಟೆಲ್ ಊಟದಷ್ಟು. ಫೀಸಿನ ಕಂತು ಸಮಯಕ್ಕೆ ಹೋಯಿತು.

ಮೊದಲ ಗ್ಯಾರೇಜಿನವರು ಮೋಸ ಮಾಡಿದರೆಂದು ನಾವು ಹೇಳುವುದಿಲ್ಲ. ಅವರೂ ಟಿಕ್ ಕೇಳಿದರು. ಆದರೆ ಕೇಳಿ ತಿಳಿಯುವ ಮೊದಲೇ ಅಡಗಿಸಲು ಹೊರಟರು. ನಮ್ಮ ತಪ್ಪೂ ಇತ್ತು. ಸದ್ದು ಯಾವಾಗ ಶುರುವಾಯಿತು, ಯಾವಾಗ ಹೆಚ್ಚು, ಎಣ್ಣೆ ಎಷ್ಟಿದೆ ಎಂಬುದು ಗೊತ್ತಿರಬೇಕಾದದ್ದು ದಿನಾ ಅದರಲ್ಲಿ ಕೂರುವ ನಮಗೆ. ಈಗ ಗೋಡೆಗೊಂದು ಕ್ಯಾಲೆಂಡರ್ ತೂಗುಹಾಕಿ ಎಣ್ಣೆ ನೋಡಿದ ದಿನ ಬರೆಯುತ್ತೇವೆ.

ಅಂದು ಹಣ ಕೊಟ್ಟು ಹೊರಡುವಾಗ ಹಿರಿಯರು ಇನ್ನೊಂದು ಮಾತು ಹೇಳಿದರು. ಊರಿಂದ ಬಂದ ಹುಡುಗರಲ್ಲಿ ಅಳುವವರು, ಜಗಳವಾಡುವವರು ಹೇಗೋ ದಾರಿಗೆ ಬರುತ್ತಾರಂತೆ. ಏನು ಕೇಳಿದರೂ "ಎಲ್ಲ ಸರಿಯಿದೆ" ಎನ್ನುವವನ ಮೇಲೆ ಅವರು ಒಂದು ಕಣ್ಣಿಟ್ಟಿರುತ್ತಾರಂತೆ. ಅವರು ಎಂಜಿನ್ನಿನ ಬಗ್ಗೆ ಹೇಳಿದ್ದೋ ನಮ್ಮ ಬಗ್ಗೆಯೋ ಎಂದು ಯಾರೂ ಕೇಳಲಿಲ್ಲ. ಆ ರಾತ್ರಿ ನಮ್ಮ ಫ್ಲಾಟಿನಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವನ ಪಕ್ಕ ಕೂತು, ಊರಲ್ಲಿ ಹೇಗಿದ್ದಾರೆ ಎಂದು ವಿಚಾರಿಸಿದೆವು. ಅವನು ಮಾತಾಡಿ ಮುಗಿಸುವಾಗ ಒಂದು ಗಂಟೆ ಕಳೆದಿತ್ತು.